ಕೆಲಸದ ವೇಳೆ ಗಾಯಗೊಂಡವರಿಗೆ ಪರಿಹಾರ ವಿಮೆ: ಹಕ್ಕು, ಲೆಕ್ಕ ಮತ್ತು ಅರ್ಜಿಯ ಕ್ರಮ

ಪವರ್ ಪ್ರೆಸ್ಸಿನಲ್ಲಿ ಬೆರಳು ಕಳೆದುಕೊಂಡವರು, ಸೆಂಟ್ರಿಂಗ್ ಹಲಗೆಯಿಂದ ಬಿದ್ದು ಸೊಂಟ ಮುರಿದುಕೊಂಡವರು, ಲಾರಿಗೆ ಮೂಟೆ ಏರಿಸುವಾಗ ಕಾಲಿನ ಮೇಲೆ ಹೊರೆ ಬೀಳಿಸಿಕೊಂಡವರು ಆಸ್ಪತ್ರೆ ಸೇರಿದಾಗ ಅವರ ಮನೆಯವರು ಸಾಮಾನ್ಯವಾಗಿ ಮೊದಲು ಕೇಳುವುದು, "ಮಾಲೀಕರು ಏನಾದರೂ ಕೊಡುತ್ತಾರೆಯೇ?" ಎಂದು. ಈ ಪ್ರಶ್ನೆಯಲ್ಲಿ ದಯೆಯ ನಿರೀಕ್ಷೆ ಇದೆ. ಕಾನೂನಿನಲ್ಲಿ ದಯೆಗೆ ಜಾಗವಿಲ್ಲ. ಕೆಲಸದ ಕಾರಣದಿಂದ ಮತ್ತು ಕೆಲಸದ ಅವಧಿಯಲ್ಲಿ ಅಪಘಾತವಾಗಿ ನೌಕರನಿಗೆ ಗಾಯವಾದರೆ, ಆ ಕ್ಷಣದಿಂದಲೇ ಪರಿಹಾರದ ಹೊಣೆ ಹುಟ್ಟುತ್ತದೆ. ಮಾಲೀಕನು ತಪ್ಪು ಮಾಡಿದ್ದಾನೆಂದು ತೋರಿಸಬೇಕಾಗಿಲ್ಲ. ನೌಕರನು ಸ್ವಲ್ಪ ಎಚ್ಚರ ತಪ್ಪಿದ್ದರೂ ಹಕ್ಕು ಹೋಗುವುದಿಲ್ಲ. ಆ ಹೊಣೆಯನ್ನು ಯಾರು ತೀರಿಸುತ್ತಾರೆ, ಎಷ್ಟು ತೀರಿಸುತ್ತಾರೆ, ಅದನ್ನು ಪಡೆಯಲು ಗಾಯಗೊಂಡವರೂ ಅವರ ಕುಟುಂಬದವರೂ ಯಾವ ಕ್ರಮದಲ್ಲಿ ನಡೆಯಬೇಕು ಎಂಬುದನ್ನು ಈ ಬರಹದಲ್ಲಿ ವಿವರಿಸಲಾಗಿದೆ. ಇಂಥ ಪ್ರಕರಣಗಳು ಕಾನೂನಿನ ಕೊರತೆಯಿಂದ ಸೋಲುವುದಕ್ಕಿಂತ ಮೊದಲ ವಾರದ ಕಾಗದಪತ್ರಗಳ ಕೊರತೆಯಿಂದ ಸೋಲುವುದೇ ಹೆಚ್ಚು ಎಂಬುದು ನನ್ನ ಅಭಿಪ್ರಾಯ. ಆದ್ದರಿಂದ ಆ ಭಾಗವನ್ನು ಸ್ವಲ್ಪ ವಿಸ್ತಾರವಾಗಿಯೇ ಬರೆದಿದ್ದೇನೆ.

ಯಾವ ಕಾನೂನು ಅನ್ವಯಿಸುತ್ತದೆ

ಭಾರತದಲ್ಲಿ ಈ ಹಕ್ಕಿಗೆ ಎರಡು ಮೂಲಗಳಿವೆ. ಮೊದಲನೆಯದು 1923ರ ಕಾರ್ಮಿಕರ ಪರಿಹಾರ ಕಾಯ್ದೆ. 2010ರಿಂದ ಅದರ ಹೆಸರು ನೌಕರರ ಪರಿಹಾರ ಕಾಯ್ದೆ ಎಂದಾಯಿತು. ಎರಡನೆಯದು 1948ರ ನೌಕರರ ರಾಜ್ಯ ವಿಮಾ ಕಾಯ್ದೆ, ಎಂದರೆ ಎಲ್ಲರ ಬಾಯಲ್ಲಿರುವ ಇಎಸ್‌ಐ. 2025ರ ನವೆಂಬರ್ 21ರಂದು ಸಾಮಾಜಿಕ ಭದ್ರತಾ ಸಂಹಿತೆ, 2020 ಜಾರಿಗೆ ಬಂದ ಮೇಲೆ ಈ ಎರಡೂ ಕಾಯ್ದೆಗಳ ವಿಷಯ ಆ ಸಂಹಿತೆಯೊಳಗೆ ಸೇರಿದೆ: ಇಎಸ್‌ಐ 4ನೇ ಅಧ್ಯಾಯದಲ್ಲಿ, ನೌಕರರ ಪರಿಹಾರ 7ನೇ ಅಧ್ಯಾಯದಲ್ಲಿ. ಪರಿಹಾರವನ್ನು ಲೆಕ್ಕ ಹಾಕುವ ಸೂತ್ರ ಹೆಚ್ಚೇನೂ ಬದಲಾಗಿಲ್ಲ. ಹಳೆಯ ಕಾಯ್ದೆಯಲ್ಲಿ ಅರ್ಜಿಯನ್ನು ವಿಚಾರಿಸುವವರನ್ನು ಆಯುಕ್ತರೆಂದು ಕರೆದಿದ್ದರೆ ಸಂಹಿತೆಯು ಸಕ್ಷಮ ಪ್ರಾಧಿಕಾರವೆಂದು ಕರೆಯುತ್ತದೆ. ಓದುವವರಿಗೆ ಸುಲಭವಾಗಲೆಂದು ಇಲ್ಲಿ ಎರಡಕ್ಕೂ ಆಯುಕ್ತರು ಎಂಬ ಮಾತನ್ನೇ ಬಳಸುತ್ತೇನೆ. ಸಂಹಿತೆ ಜಾರಿಗೆ ಬರುವ ಮೊದಲೇ ನಡೆದ ಅಪಘಾತಗಳಿಗೆ ಸಂಬಂಧಿಸಿದ ಅರ್ಜಿಗಳಲ್ಲಿ ಹಳೆಯ ಕಾಯ್ದೆಯ ಕಲಮುಗಳನ್ನೇ ನಮೂದಿಸಬೇಕಾಗುತ್ತದೆ.

ಗಾಯಗೊಂಡವರು ಮೊದಲು ಖಚಿತಪಡಿಸಿಕೊಳ್ಳಬೇಕಾದ ಸಂಗತಿ ಒಂದೇ: ತಾವು ಇಎಸ್‌ಐಗೆ ಒಳಪಟ್ಟಿದ್ದೇವೆಯೇ, ಇಲ್ಲವೇ? ಹತ್ತು ಅಥವಾ ಅದಕ್ಕಿಂತ ಹೆಚ್ಚು ಜನ ಕೆಲಸ ಮಾಡುವ ಸಂಸ್ಥೆಯಲ್ಲಿ ತಿಂಗಳಿಗೆ 21,000 ರೂಪಾಯಿಗಳವರೆಗೆ ವೇತನ ಪಡೆಯುವವರು ಇಎಸ್‌ಐ ವ್ಯಾಪ್ತಿಗೆ ಬರುತ್ತಾರೆ. ಅಂಗವಿಕಲ ನೌಕರರಿಗೆ ಈ ಮಿತಿ 25,000 ರೂಪಾಯಿ. ಸಂಬಳದ ಚೀಟಿಯಲ್ಲಿ ಇಎಸ್‌ಐ ಎಂದು ಶೇ. 0.75ರಷ್ಟು ಕಡಿತ ಕಾಣಿಸುತ್ತಿದ್ದರೆ ಉತ್ತರ ಸಿಕ್ಕಂತೆಯೇ. ಮಾಲೀಕನು ಅದಕ್ಕೆ ತನ್ನ ಪಾಲಾಗಿ ಶೇ. 3.25 ಸೇರಿಸಿ ಕಟ್ಟುತ್ತಾನೆ. ಇಎಸ್‌ಐಗೆ ಒಳಪಟ್ಟವರು ಅದೇ ಗಾಯಕ್ಕೆ ನೌಕರರ ಪರಿಹಾರ ಕಾನೂನಿನಡಿ ಮಾಲೀಕನ ಮೇಲೆ ಅರ್ಜಿ ಹಾಕುವಂತಿಲ್ಲ. ಇದನ್ನು ತಿಳಿಯದೆ ಆಯುಕ್ತರ ಮುಂದೆ ಅರ್ಜಿ ಹಾಕಿ, ಎರಡು ಮೂರು ವರ್ಷ ಅಲೆದ ಮೇಲೆ "ನೀವು ಇಎಸ್‌ಐ ಕಚೇರಿಗೆ ಹೋಗಬೇಕಿತ್ತು" ಎಂಬ ಉತ್ತರ ಕೇಳುವ ಸಂದರ್ಭಗಳು ಅಪರೂಪವಲ್ಲ.

ಮಾಲೀಕನು ಸಂಬಳದಿಂದ ಹಣ ಕಡಿದು ಇಎಸ್‌ಐ ನಿಗಮಕ್ಕೆ ಕಟ್ಟದೇ ಇದ್ದರೆ, ಅಥವಾ ನೋಂದಣಿಯನ್ನೇ ಮಾಡಿಸದಿದ್ದರೆ? ಅವನ ಲೋಪಕ್ಕಾಗಿ ನೌಕರನ ಹಕ್ಕು ನಾಶವಾಗುವುದಿಲ್ಲ. ನಿಗಮವು ಸೌಲಭ್ಯವನ್ನು ಕೊಟ್ಟು, ಅದಕ್ಕೆ ತಗಲಿದ ಹಣವನ್ನು ಮಾಲೀಕನಿಂದ ವಸೂಲು ಮಾಡಿಕೊಳ್ಳಲು ಕಾನೂನು ಅವಕಾಶ ಕೊಟ್ಟಿದೆ. ಆದರೆ ತಾನು ಅಲ್ಲಿ ನೌಕರನಾಗಿದ್ದೆನೆಂದು ಆಗ ತೋರಿಸಿಕೊಡಬೇಕಾಗುತ್ತದೆ. ಕಾಗದಪತ್ರಗಳ ಪ್ರಶ್ನೆ ಬರುವುದು ಅಲ್ಲಿಯೇ.

ಮೊದಲ ವಾರದಲ್ಲಿ ಆಗಬೇಕಾದ ದಾಖಲೆಗಳು

ಗಾಯಗೊಂಡವರನ್ನು ಆಸ್ಪತ್ರೆಗೆ ಕರೆದುಕೊಂಡು ಬರುವವರು ಹೆಚ್ಚಾಗಿ ಸೂಪರ್‌ವೈಸರೋ ಮೇಸ್ತ್ರಿಯೋ ಆಗಿರುತ್ತಾರೆ. ತುರ್ತು ವಿಭಾಗದಲ್ಲಿ ಕುಳಿತ ವೈದ್ಯರು "ಹೇಗಾಯಿತು?" ಎಂದು ಕೇಳಿದಾಗ ನೋವಿನಲ್ಲಿರುವ ರೋಗಿಯ ಪರವಾಗಿ ಉತ್ತರ ಹೇಳುವವರೂ ಅವರೇ. ಅವರು "ಬೈಕಿನಿಂದ ಬಿದ್ದ" ಎಂದೋ "ಮನೆಯಲ್ಲಿ ಬಾಗಿಲಿಗೆ ಕೈ ಸಿಕ್ಕಿತು" ಎಂದೋ ಹೇಳಿದರೆ ಅದೇ ಎಂಎಲ್‌ಸಿ (ಪೊಲೀಸರಿಗೆ ತಿಳಿಸಬೇಕಾದ ವೈದ್ಯಕೀಯ-ಕಾನೂನು ಪ್ರಕರಣ) ಪುಸ್ತಕದಲ್ಲಿ ದಾಖಲಾಗುತ್ತದೆ. ಮುಂದೆ ಗಾಯದ ಪ್ರಮಾಣಪತ್ರದಲ್ಲಿ, ಡಿಸ್ಚಾರ್ಜ್ ಸಮರಿಯಲ್ಲಿ, ಪೊಲೀಸ್ ಠಾಣೆಗೆ ಹೋಗುವ ಮಾಹಿತಿಯಲ್ಲಿ ಅದೇ ವಾಕ್ಯ ನಕಲಾಗುತ್ತ ಹೋಗುತ್ತದೆ. ವಿಚಾರಣೆಯ ವೇಳೆ ವಿಮಾ ಕಂಪನಿಯ ವಕೀಲರು ಮೊದಲು ತೆರೆಯುವ ಪುಟವೂ ಅದೇ. ಆದ್ದರಿಂದ ಮನೆಯವರಲ್ಲಿ ಒಬ್ಬರು ಆದಷ್ಟು ಬೇಗ ಆಸ್ಪತ್ರೆಗೆ ತಲುಪಿ, ಅಪಘಾತವು ಯಾವ ಸಂಸ್ಥೆಯಲ್ಲಿ, ಯಾವ ಯಂತ್ರದ ಬಳಿ, ಎಷ್ಟು ಗಂಟೆಗೆ ಆಯಿತೆಂದು ವೈದ್ಯರಿಗೆ ಸ್ಪಷ್ಟವಾಗಿ ತಿಳಿಸಿ, ಅದು ಹಾಗೆಯೇ ಬರೆಯಲ್ಪಟ್ಟಿದೆಯೇ ಎಂದು ನೋಡಬೇಕು. ತಪ್ಪು ದಾಖಲಾಗಿದ್ದರೆ, ರೋಗಿಗೆ ಮಾತನಾಡುವ ಶಕ್ತಿ ಬಂದ ಕೂಡಲೇ ಆಸ್ಪತ್ರೆಗೆ ಲಿಖಿತ ಮನವಿ ಕೊಟ್ಟು, ಅದರ ಪ್ರತಿಯ ಮೇಲೆ ಸ್ವೀಕೃತಿಯ ಮೊಹರು ಹಾಕಿಸಿಕೊಳ್ಳಬೇಕು. ಖರ್ಚನ್ನೆಲ್ಲ ತಾವೇ ನೋಡಿಕೊಳ್ಳುತ್ತೇವೆಂದು ಹೇಳಿ ಸಣ್ಣ ನರ್ಸಿಂಗ್ ಹೋಮಿಗೆ ಸೇರಿಸಿ, ಎಂಎಲ್‌ಸಿ ಇಲ್ಲದೆ ಚಿಕಿತ್ಸೆ ಕೊಡಿಸುವುದೂ ಉಂಟು. ಬಿಲ್ಲು ಕಟ್ಟಿದ್ದಕ್ಕೆ ಕೃತಜ್ಞತೆ ಇರಲಿ, ಆದರೆ ದಾಖಲೆಯನ್ನು ಬಿಟ್ಟುಕೊಡಬಾರದು.

ಎರಡನೆಯ ಕಾಗದ ಮಾಲೀಕನಿಗೆ ಕೊಡುವ ನೋಟಿಸು. ಗಾಯಗೊಂಡವರ ಹೆಸರು, ವಿಳಾಸ, ಅಪಘಾತದ ದಿನಾಂಕ ಮತ್ತು ಕಾರಣವನ್ನು ಸಾದಾ ಭಾಷೆಯಲ್ಲಿ ಬರೆದು ಸ್ವೀಕೃತಿಯಿರುವ ಸ್ಪೀಡ್ ಪೋಸ್ಟಿನಲ್ಲಿ ಕಳುಹಿಸಿದರೆ ಸಾಕು. ವಾಟ್ಸಾಪಿನಲ್ಲಿಯೂ ಅದರ ಫೋಟೋ ಕಳುಹಿಸಿರುವುದು ಒಳ್ಳೆಯದು. ನೋಟಿಸು ತಡವಾಯಿತೆಂಬ ಒಂದೇ ಕಾರಣಕ್ಕೆ ಅರ್ಜಿ ಬೀಳುವುದಿಲ್ಲ. ಮಾಲೀಕನಿಗೆ ಅಪಘಾತದ ವಿಷಯ ಬೇರೆ ರೀತಿಯಿಂದ ತಿಳಿದಿತ್ತೆಂದು ತೋರಿಸಿದರೆ ಕಾನೂನು ಆ ಲೋಪವನ್ನು ಮನ್ನಿಸುತ್ತದೆ. ಹಾಗಿದ್ದರೂ ಕಳುಹಿಸಿದ ನೋಟಿಸು ಮುಂದಿನ ಎಷ್ಟೋ ವಾದಗಳನ್ನು ಆರಂಭದಲ್ಲಿಯೇ ಮುಗಿಸುತ್ತದೆ.

ಮೂರನೆಯದು, ನೌಕರನೆಂಬುದಕ್ಕೆ ಮತ್ತು ವೇತನಕ್ಕೆ ಪುರಾವೆ. ನೇಮಕಾತಿ ಪತ್ರ ಇರುವವರು ಈ ವರ್ಗದಲ್ಲಿ ಕಡಿಮೆ. ಬ್ಯಾಂಕ್ ಪಾಸ್‌ಬುಕ್ಕಿನಲ್ಲಿ ಸಂಬಳ ಜಮೆಯಾದ ನಮೂದುಗಳು, ಮೇಸ್ತ್ರಿಯ ಫೋನಿನಿಂದ ಯುಪಿಐ ಮೂಲಕ ಬಂದ ಹಣ, ಗೇಟ್ ಪಾಸ್, ಹಾಜರಿ ಪುಸ್ತಕದ ಪುಟದ ಫೋಟೋ, "ನಾಳೆ ಎರಡನೇ ಶಿಫ್ಟಿಗೆ ಬಾ" ಎಂಬಂಥ ಸಂದೇಶಗಳು, ಜೊತೆಯಲ್ಲಿ ಕೆಲಸ ಮಾಡಿದವರ ಹೆಸರು ಮತ್ತು ಫೋನ್ ಸಂಖ್ಯೆ, ಇವೆಲ್ಲವೂ ಸಾಕ್ಷ್ಯಗಳೇ. ಫೋನು ಹಾಳಾಗುವ ಮೊದಲು ಇವನ್ನು ಮುದ್ರಿಸಿಟ್ಟುಕೊಳ್ಳಬೇಕು. ಸಹೋದ್ಯೋಗಿಗಳು ಊರು ಬದಲಿಸುವುದು ಬೇಗ. ಬಿಹಾರದಿಂದಲೋ ಒಡಿಶಾದಿಂದಲೋ ಬಂದ ಸಾಕ್ಷಿಯನ್ನು ಎರಡು ವರ್ಷಗಳ ನಂತರ ಹುಡುಕಿ ಕರೆತರುವುದು ಸುಲಭವಲ್ಲ.

ಗಂಭೀರ ಅಪಘಾತಗಳ ಬಗ್ಗೆ ಸರ್ಕಾರಕ್ಕೆ ವರದಿ ಮಾಡುವ ಹೊಣೆ ಮಾಲೀಕನ ಮೇಲೆಯೇ ಇದೆ. ನೋಂದಾಯಿತ ಕಾರ್ಖಾನೆಯಾಗಿದ್ದರೆ ಕರ್ನಾಟಕದಲ್ಲಿ ಆ ವರದಿ ಕಾರ್ಖಾನೆಗಳು, ಬಾಯ್ಲರುಗಳು, ಕೈಗಾರಿಕಾ ಸುರಕ್ಷತೆ ಮತ್ತು ಸ್ವಾಸ್ಥ್ಯ ಇಲಾಖೆಗೆ ಹೋಗುತ್ತದೆ. ವರದಿ ಹೋಗಿಲ್ಲವೆಂಬ ಅನುಮಾನವಿದ್ದರೆ ಕುಟುಂಬದವರೇ ಆ ಇಲಾಖೆಗೆ ಒಂದು ದೂರು ಕೊಡಬಹುದು. ತನಿಖಾಧಿಕಾರಿ ಸ್ಥಳಕ್ಕೆ ಬಂದು ಬರೆದ ವರದಿಯ ಪ್ರತಿಯನ್ನು ಮಾಹಿತಿ ಹಕ್ಕಿನಡಿ ಕೇಳಲು ಅವಕಾಶವಿದೆ, ಮತ್ತು ಅದಕ್ಕಿಂತ ಬಲವಾದ ಪುರಾವೆ ಬೇರೆ ಸಿಗುವುದು ಕಷ್ಟ.

ಇಎಸ್‌ಐ ಇರುವವರು

ಇಎಸ್‌ಐನ ದೊಡ್ಡ ಗುಣವೆಂದರೆ ಕೆಲಸದ ವೇಳೆಯ ಗಾಯಕ್ಕೆ ಇಷ್ಟು ತಿಂಗಳು ವಂತಿಗೆ ಕಟ್ಟಿರಬೇಕೆಂಬ ಷರತ್ತಿಲ್ಲ. ಕೆಲಸಕ್ಕೆ ಸೇರಿದ ಮೊದಲ ದಿನವೇ ಗಾಯವಾದರೂ ಸೌಲಭ್ಯ ದೊರೆಯುತ್ತದೆ. ಚಿಕಿತ್ಸೆ ಇಎಸ್‌ಐ ಆಸ್ಪತ್ರೆಗಳಲ್ಲಿ ಉಚಿತ. ಬೆಂಗಳೂರಿನಲ್ಲಿ ರಾಜಾಜಿನಗರ, ಪೀಣ್ಯ, ಇಂದಿರಾನಗರಗಳಲ್ಲಿಯೂ ಕಲಬುರಗಿಯಲ್ಲಿಯೂ ಅವು ಇವೆ. ತುರ್ತಿನಲ್ಲಿ ಹತ್ತಿರದ ಬೇರೆ ಆಸ್ಪತ್ರೆಗೆ ಸೇರಿಸಬೇಕಾಗಿ ಬಂದರೆ ಕೂಡಲೇ ಇಎಸ್‌ಐ ಚಿಕಿತ್ಸಾಲಯಕ್ಕೆ ತಿಳಿಸಿ, ಎಲ್ಲ ಬಿಲ್ಲುಗಳ ಮೂಲಪ್ರತಿಗಳನ್ನು ಕಾಪಾಡಿಕೊಂಡು ವೆಚ್ಚದ ಮರುಪಾವತಿಗೆ ಅರ್ಜಿ ಹಾಕಬೇಕು.

ಮಾಲೀಕನು ಅಪಘಾತವನ್ನು ಸಂಸ್ಥೆಯ ಅಪಘಾತ ಪುಸ್ತಕದಲ್ಲಿ ಬರೆದು, ಅಪಘಾತ ವರದಿಯನ್ನು ಇಎಸ್‌ಐ ಶಾಖಾ ಕಚೇರಿಗೂ ಚಿಕಿತ್ಸಾಲಯಕ್ಕೂ ತಡಮಾಡದೆ ಕಳುಹಿಸಬೇಕು. ಈ ವರದಿ ಹೋಗದಿದ್ದರೆ ಗಾಯವನ್ನು ಸಾಮಾನ್ಯ ಕಾಯಿಲೆಯೆಂದು ಪರಿಗಣಿಸುವ ಅಪಾಯವಿದೆ, ಮತ್ತು ಕಾಯಿಲೆಗೆ ಸಿಗುವ ಸೌಲಭ್ಯ ಇದಕ್ಕಿಂತ ಬಹಳ ಕಡಿಮೆ. ಆದ್ದರಿಂದ ವರದಿಯ ಪ್ರತಿಯನ್ನು ಕೇಳಿ ಪಡೆಯಬೇಕು. ಮಾಲೀಕನು ಹಿಂಜರಿದರೆ ಗಾಯಗೊಂಡವರೇ ಶಾಖಾ ಕಚೇರಿಯ ವ್ಯವಸ್ಥಾಪಕರಿಗೆ ಲಿಖಿತವಾಗಿ ತಿಳಿಸಬೇಕು.

ಕೆಲಸಕ್ಕೆ ಹೋಗಲಾಗದ ಅವಧಿಗೆ ಸರಾಸರಿ ದಿನಗೂಲಿಯ ಶೇ. 90ರಷ್ಟನ್ನು ತಾತ್ಕಾಲಿಕ ಅಸಾಮರ್ಥ್ಯ ಸೌಲಭ್ಯವಾಗಿ ಕೊಡುತ್ತಾರೆ. ಅಪಘಾತದ ದಿನವನ್ನು ಬಿಟ್ಟು ಕನಿಷ್ಠ ಮೂರು ದಿನಗಳ ಅಸಾಮರ್ಥ್ಯವಿರಬೇಕು. ಅದರ ಮೇಲೆ, ವೈದ್ಯರು ಪ್ರಮಾಣೀಕರಿಸುವಷ್ಟು ಕಾಲವೂ ಇದು ಮುಂದುವರಿಯುತ್ತದೆ. ಗಾಯ ವಾಸಿಯಾದ ಮೇಲೆ ಶಾಶ್ವತ ಊನ ಉಳಿದರೆ ವೈದ್ಯಕೀಯ ಮಂಡಳಿಯ ಮುಂದೆ ಹಾಜರಾಗಬೇಕು. ಮಂಡಳಿಯು ಗಳಿಕೆಯ ಸಾಮರ್ಥ್ಯ ಶೇಕಡಾ ಎಷ್ಟು ಕಡಿಮೆಯಾಗಿದೆಯೆಂದು ನಿರ್ಧರಿಸುತ್ತದೆ, ಮತ್ತು ಆ ಪ್ರಮಾಣದಲ್ಲಿ ಜೀವನಪರ್ಯಂತ ಹಣ ಬರುತ್ತದೆ. ಸರಾಸರಿ ದಿನಗೂಲಿ 500 ರೂಪಾಯಿ ಇದ್ದ ಒಬ್ಬರ ತೋರುಬೆರಳು ಬುಡದವರೆಗೆ ಹೋಗಿದೆಯೆಂದು ಇಟ್ಟುಕೊಳ್ಳೋಣ. ಕಾನೂನಿನ ಕೊನೆಯಲ್ಲಿರುವ ಪಟ್ಟಿ, ಎಂದರೆ ಅನುಸೂಚಿಯಂತೆ ಅದು ಶೇ. 14ರಷ್ಟು ನಷ್ಟ. 500ರ ಶೇ. 90 ಎಂದರೆ 450; ಅದರ ಶೇ. 14 ಎಂದರೆ ದಿನಕ್ಕೆ 63 ರೂಪಾಯಿ, ತಿಂಗಳಿಗೆ ಸುಮಾರು 1,890 ರೂಪಾಯಿ. ನೋಡಲು ಸಣ್ಣ ಮೊತ್ತ. ಆದರೆ ಅವರು ಮತ್ತೆ ಕೆಲಸಕ್ಕೆ ಸೇರಿ ಪೂರ್ಣ ಸಂಬಳ ಪಡೆಯುತ್ತಿದ್ದರೂ ಇದು ನಿಲ್ಲುವುದಿಲ್ಲ ಎಂಬುದನ್ನು ಗಮನಿಸಬೇಕು. ಮಂಡಳಿಯ ನಿರ್ಧಾರ ಒಪ್ಪಿಗೆಯಾಗದಿದ್ದರೆ ಮೇಲ್ಮನವಿಗೆ ದಾರಿಯಿದೆ.

ನೌಕರನು ಮೃತಪಟ್ಟರೆ ಇದೇ ಶೇ. 90ರ ದರವನ್ನು ಅವಲಂಬಿತರಿಗೆ ಹಂಚಲಾಗುತ್ತದೆ: ಪತ್ನಿಗೆ ಐದರಲ್ಲಿ ಮೂರು ಪಾಲು, ಪ್ರತಿ ಮಗುವಿಗೆ ಐದರಲ್ಲಿ ಎರಡು ಪಾಲು, ಒಟ್ಟು ಮೊತ್ತ ದರವನ್ನು ಮೀರಿದರೆ ಎಲ್ಲರ ಪಾಲೂ ಅದೇ ಪ್ರಮಾಣದಲ್ಲಿ ತಗ್ಗುತ್ತದೆ.

ಇಎಸ್‌ಐ ಇಲ್ಲದವರು: ಲೆಕ್ಕ ಹೇಗೆ

ಹತ್ತಕ್ಕಿಂತ ಕಡಿಮೆ ಜನರಿರುವ ವರ್ಕ್‌ಶಾಪು, ಲಾರಿ ಚಾಲಕ ಮತ್ತು ಕ್ಲೀನರ್, ಟ್ರ್ಯಾಕ್ಟರ್ ಬಳಸುವ ಹೊಲದ ಕೆಲಸ, ಕಟ್ಟಡದ ಕೂಲಿ, 21,000 ರೂಪಾಯಿಗಿಂತ ಹೆಚ್ಚು ಸಂಬಳದ ಕಾರ್ಖಾನೆ ನೌಕರರು ಮುಂತಾದವರು ನೌಕರರ ಪರಿಹಾರ ಕಾನೂನಿಗೆ ಬರುತ್ತಾರೆ. ದಿನಗೂಲಿಯವನು, ಹಂಗಾಮಿ ಎಂಬ ಕಾರಣಕ್ಕೆ ಹಕ್ಕು ತಪ್ಪುವುದಿಲ್ಲ. ಆ ವಿನಾಯಿತಿಯನ್ನು 2000ದ ತಿದ್ದುಪಡಿಯಲ್ಲಿಯೇ ತೆಗೆದುಹಾಕಲಾಗಿದೆ.

ಲೆಕ್ಕಕ್ಕೆ ಬೇಕಾದವು ಮೂರು ಅಂಶಗಳು: ತಿಂಗಳ ವೇತನ, ವಯಸ್ಸು, ಊನದ ಪ್ರಮಾಣ. ವೇತನ ಎಷ್ಟೇ ಇರಲಿ, 2020ರ ಜನವರಿ 3ರ ಅಧಿಸೂಚನೆಯ ಪ್ರಕಾರ 15,000 ರೂಪಾಯಿವರೆಗೆ ಮಾತ್ರ ಲೆಕ್ಕಕ್ಕೆ ಹಿಡಿಯುತ್ತಾರೆ. ಇಂದಿನ ಕೂಲಿಗೆ ಈ ಮಿತಿ ತೀರ ಕಡಿಮೆಯೆಂಬುದರಲ್ಲಿ ಸಂದೇಹವಿಲ್ಲ. ವಯಸ್ಸಿಗೆ ತಕ್ಕ ಗುಣಕ ಅನುಸೂಚಿಯಲ್ಲಿದೆ: 25 ವರ್ಷಕ್ಕೆ 216.91, 30ಕ್ಕೆ 207.98, 40ಕ್ಕೆ 184.17, 50ಕ್ಕೆ 153.09. ಸಾವಾದರೆ ವೇತನದ ಶೇ. 50ನ್ನೂ ಪೂರ್ಣ ಶಾಶ್ವತ ಊನವಾದರೆ ಶೇ. 60ನ್ನೂ ಈ ಗುಣಕದಿಂದ ಗುಣಿಸಬೇಕು. 15,000 ರೂಪಾಯಿ ವೇತನದ, 30 ವರ್ಷದವರು ಮೃತಪಟ್ಟರೆ 7,500 ಗುಣಿಸು 207.98, ಅಂದರೆ 15,59,850 ರೂಪಾಯಿ. ಅದೇ ವ್ಯಕ್ತಿ ಎರಡೂ ಕೈ ಕಳೆದುಕೊಂಡರೆ 9,000 ಗುಣಿಸು 207.98, ಅಂದರೆ 18,71,820 ರೂಪಾಯಿ. ಒಂದು ಹೆಬ್ಬೆರಳು ಮಾತ್ರ ಹೋದರೆ ಅನುಸೂಚಿಯಲ್ಲಿ ಶೇ. 30 ಎಂದಿರುವುದರಿಂದ ಆ ಮೊತ್ತದ ಶೇ. 30, ಅಂದರೆ 5,61,546 ರೂಪಾಯಿ.

ಅನುಸೂಚಿಯಲ್ಲಿ ಹೆಸರಿಸದ ಗಾಯಗಳೂ ಬಹಳ ಇವೆ. ಬೆನ್ನುಮೂಳೆಗೆ ಪೆಟ್ಟು, ರಾಡು ಹಾಕಿದ ತೊಡೆಮೂಳೆ, ಬಗ್ಗದ ಭುಜ ಮುಂತಾದ ಗಾಯಗಳಲ್ಲಿ ಅರ್ಹ ವೈದ್ಯರು ಗಳಿಕೆಯ ಸಾಮರ್ಥ್ಯದ ನಷ್ಟವನ್ನು ಅಂದಾಜು ಮಾಡಬೇಕು. ದೇಹದ ಊನ ಮತ್ತು ಗಳಿಕೆಯ ನಷ್ಟ ಇವೆರಡೂ ಒಂದೇ ಅಲ್ಲ. 1976ರಲ್ಲಿ ಸುಪ್ರೀಂ ಕೋರ್ಟು ಪ್ರತಾಪ್ ನಾರಾಯಣ್ ಸಿಂಗ್ ದೇವ್ ಪ್ರಕರಣದಲ್ಲಿ, ಎಡಗೈಯನ್ನು ಮೊಣಕೈಯ ಮೇಲಿನಿಂದ ಕಳೆದುಕೊಂಡ ಬಡಗಿಯೊಬ್ಬರ ಬಗ್ಗೆ, ಒಂದೇ ಕೈಯಿಂದ ಬಡಗಿಯ ಕೆಲಸ ಸಾಧ್ಯವಿಲ್ಲವಾದ್ದರಿಂದ ಅದು ಪೂರ್ಣ ಊನವೇ ಎಂಬ ತೀರ್ಮಾನವನ್ನು ಎತ್ತಿಹಿಡಿಯಿತು. ವೈದ್ಯರಿಂದ ಪ್ರಮಾಣಪತ್ರ ಪಡೆಯುವಾಗ, ಗಾಯಗೊಂಡವರು ಯಾವ ಕೆಲಸ ಮಾಡುತ್ತಿದ್ದರು, ಆ ಕೆಲಸದ ಯಾವ ಚಲನೆಗಳು ಈಗ ಸಾಧ್ಯವಿಲ್ಲ ಎಂಬುದನ್ನೂ ಬರೆಸಿಕೊಳ್ಳಬೇಕಾದ ಕಾರಣ ಇದೇ. ಆ ವೈದ್ಯರು ಮುಂದೆ ಸಾಕ್ಷಿ ಹೇಳಲು ಬರಬೇಕಾಗಬಹುದು. ಸಾಧ್ಯವಿದ್ದಷ್ಟೂ ಚಿಕಿತ್ಸೆ ಕೊಟ್ಟ ವೈದ್ಯರಿಂದಲೇ ಪ್ರಮಾಣಪತ್ರ ಪಡೆಯುವುದು ಮೇಲು.

ತಾತ್ಕಾಲಿಕ ಅಸಾಮರ್ಥ್ಯಕ್ಕೆ ಹದಿನೈದು ದಿನಗಳಿಗೊಮ್ಮೆ ತಿಂಗಳ ವೇತನದ ಶೇ. 25, ಅಂದರೆ 15,000 ರೂಪಾಯಿ ವೇತನಕ್ಕೆ 3,750 ರೂಪಾಯಿ, ಗರಿಷ್ಠ ಐದು ವರ್ಷಗಳವರೆಗೆ ಸಲ್ಲುತ್ತದೆ. ಇಎಸ್‌ಐಯ ಶೇ. 90ಕ್ಕೆ ಹೋಲಿಸಿದರೆ ಇದು ಕಡಿಮೆ. ಚಿಕಿತ್ಸೆಗೆ ನಿಜವಾಗಿ ತಗಲಿದ ವೆಚ್ಚವನ್ನು ಮಾಲೀಕನು ಪ್ರತ್ಯೇಕವಾಗಿ ಕೊಡಬೇಕು. "ಆಸ್ಪತ್ರೆಗೆ ಎರಡು ಲಕ್ಷ ಕಟ್ಟಿದ್ದೇನೆ, ಪರಿಹಾರದಲ್ಲಿ ಅದನ್ನು ಕಳೆಯಿರಿ" ಎಂಬ ವಾದ ನಿಲ್ಲುವುದಿಲ್ಲ. ಚಿಕಿತ್ಸೆಗೆ ಕೊಟ್ಟ ಹಣ ಪರಿಹಾರವಲ್ಲವೆಂದು ಕಾನೂನೇ ಹೇಳಿದೆ.

ಪರಿಹಾರವು ಅಪಘಾತದ ದಿನದಂದೇ ಸಂದಾಯಕ್ಕೆ ಬಾಕಿಯಾಗುತ್ತದೆ. ಒಂದು ತಿಂಗಳೊಳಗೆ ಕೊಡದಿದ್ದರೆ ವರ್ಷಕ್ಕೆ ಶೇ. 12ರ ಬಡ್ಡಿ ಸೇರುತ್ತದೆ. ತಡಕ್ಕೆ ಸಮರ್ಥನೆ ಇಲ್ಲದಿದ್ದರೆ ಪರಿಹಾರದ ಅರ್ಧದವರೆಗೆ ದಂಡವನ್ನೂ ವಿಧಿಸಬಹುದು. ಮೇಲಿನ ಹೆಬ್ಬೆರಳಿನ ಉದಾಹರಣೆಯಲ್ಲಿ ಬಡ್ಡಿಯೇ ವರ್ಷಕ್ಕೆ 67,385 ರೂಪಾಯಿಯಾಗುತ್ತದೆ. ಅರ್ಜಿಯಲ್ಲಿ ಬಡ್ಡಿಯನ್ನೂ ದಂಡವನ್ನೂ ಸ್ಪಷ್ಟವಾಗಿ ಕೇಳುವುದನ್ನು ಮರೆಯಬಾರದು.

ವಿಮಾ ಪಾಲಿಸಿಯ ಪಾತ್ರ

ಈ ಹೊಣೆ ಮೂಲತಃ ಮಾಲೀಕನದು. ದೊಡ್ಡ ಮೊತ್ತವನ್ನು ಒಮ್ಮೆಗೇ ಕೊಡುವ ಶಕ್ತಿ ಸಣ್ಣ ಮಾಲೀಕನಿಗೆ ಇರುವುದಿಲ್ಲವಾದ್ದರಿಂದ, ತಿಳಿವಳಿಕೆಯುಳ್ಳವರು ಸಾಮಾನ್ಯ ವಿಮಾ ಕಂಪನಿಗಳಿಂದ ನೌಕರರ ಪರಿಹಾರ ಪಾಲಿಸಿಯನ್ನು ಪಡೆದಿರುತ್ತಾರೆ. ಪಾಲಿಸಿಯ ಕಂತು ನೌಕರರ ಸಂಖ್ಯೆ, ಕೆಲಸದ ಬಗೆ ಮತ್ತು ಘೋಷಿಸಿದ ಒಟ್ಟು ವೇತನದ ಮೇಲೆ ನಿಂತಿರುತ್ತದೆ. ತೊಂದರೆ ಶುರುವಾಗುವುದೂ ಇಲ್ಲಿಂದಲೇ: ಇಪ್ಪತ್ತು ಜನರಿದ್ದಲ್ಲಿ ಹನ್ನೆರಡು ಜನರನ್ನು ಮಾತ್ರ ಘೋಷಿಸಿದ್ದರೆ, ಗುತ್ತಿಗೆದಾರನ ಆಳುಗಳನ್ನು ಸೇರಿಸಿರದಿದ್ದರೆ, ವಿಮಾ ಕಂಪನಿ ಅದನ್ನೇ ಹಿಡಿದು ವಾದಿಸುತ್ತದೆ. ಆ ವಾದ ಗೆದ್ದರೂ ನೌಕರನ ಹಕ್ಕು ಅಳಿಯುವುದಿಲ್ಲ, ಹಣ ಕೊಡಬೇಕಾದವರು ಮಾತ್ರ ಬದಲಾಗುತ್ತಾರೆ. ಹೀಗಾಗಿ ಅರ್ಜಿಯಲ್ಲಿ ಮಾಲೀಕ, ಗುತ್ತಿಗೆದಾರ, ಕೆಲಸ ಮಾಡಿಸಿಕೊಂಡ ಮೂಲ ಸಂಸ್ಥೆ, ವಿಮಾ ಕಂಪನಿ ಈ ಎಲ್ಲರನ್ನೂ ಎದುರುದಾರರನ್ನಾಗಿ ಸೇರಿಸಬೇಕು. ಗುತ್ತಿಗೆದಾರನ ಮೂಲಕ ಬಂದವರಿಗೂ ಮೂಲ ಸಂಸ್ಥೆಯು ಪರಿಹಾರ ಕೊಟ್ಟು, ಆಮೇಲೆ ಗುತ್ತಿಗೆದಾರನಿಂದ ವಸೂಲು ಮಾಡಿಕೊಳ್ಳಬೇಕೆಂಬುದು ಕಾನೂನಿನ ವ್ಯವಸ್ಥೆ.

ದಂಡವನ್ನು ವಿಮಾ ಕಂಪನಿ ಭರಿಸುವುದಿಲ್ಲ. ಅದು ಮಾಲೀಕನ ಸ್ವಂತ ಲೋಪಕ್ಕೆ ವಿಧಿಸುವಂಥದ್ದು. ಬಡ್ಡಿಯ ವಿಷಯದಲ್ಲಿ ಪಾಲಿಸಿಯ ಷರತ್ತನ್ನು ನೋಡಬೇಕು. ಬಡ್ಡಿಯನ್ನು ಹೊರಗಿಡುವ ಷರತ್ತಿಗೆ ಮಾನ್ಯತೆಯಿದೆಯೆಂದು ಸುಪ್ರೀಂ ಕೋರ್ಟು 2006ರಲ್ಲಿ ಹೇಳಿದೆ. ಚಿಕಿತ್ಸೆಯ ವೆಚ್ಚವೂ ಹೆಚ್ಚಿನ ಕಂತು ಕಟ್ಟಿದ್ದರೆ ಮಾತ್ರ ಪಾಲಿಸಿಯಲ್ಲಿ ಸೇರಿರುತ್ತದೆ.

ಲಾರಿ, ಬಸ್ಸು, ಟೆಂಪೊಗಳಲ್ಲಿ ದುಡಿಯುವವರ ಸ್ಥಿತಿ ಇದಕ್ಕಿಂತ ಉತ್ತಮ. ಮೋಟಾರು ವಾಹನ ಕಾಯ್ದೆಯಂತೆ ವಾಹನಕ್ಕೆ ಕಡ್ಡಾಯವಾಗಿ ಮಾಡಿಸುವ ವಿಮೆಯಲ್ಲಿಯೇ ಚಾಲಕ, ನಿರ್ವಾಹಕ ಮತ್ತು ಸರಕು ವಾಹನದಲ್ಲಿ ಒಯ್ಯಲ್ಪಡುವ ನೌಕರರ ಪರಿಹಾರದ ಹೊಣೆ ಅಡಕವಾಗಿದೆ. ಅಂಥವರು ಮೋಟಾರು ಅಪಘಾತ ನ್ಯಾಯಮಂಡಳಿಗೆ ಹೋಗಬಹುದು, ಇಲ್ಲವೇ ಆಯುಕ್ತರ ಬಳಿಗೆ ಹೋಗಬಹುದು. ಎರಡೂ ಕಡೆ ಹೋಗುವಂತಿಲ್ಲ. ತಪ್ಪು ಎದುರಿನ ವಾಹನದ್ದಾಗಿದ್ದರೆ, ವೇತನಕ್ಕೆ ಮಿತಿಯಿಲ್ಲದ ನ್ಯಾಯಮಂಡಳಿಯ ದಾರಿ ಸಾಮಾನ್ಯವಾಗಿ ಲಾಭಕರ. ಚಾಲಕನದೇ ತಪ್ಪೆಂದು ಎಫ್‌ಐಆರ್ ಆಗಿದ್ದರೆ, ತಪ್ಪನ್ನು ಕೇಳದ ಪರಿಹಾರ ಕಾನೂನೇ ಆಸರೆ.

ಕೇಳಿಬರುವ ಆಕ್ಷೇಪಗಳು

"ಅವನೇ ಗಾರ್ಡ್ (ಯಂತ್ರದ ರಕ್ಷಣಾ ಕವಚ) ತೆಗೆದು ಯಂತ್ರ ನಡೆಸಿದ" ಎಂಬುದು ಪ್ರೆಸ್ ಅಪಘಾತಗಳಲ್ಲಿ ಎಲ್ಲಕ್ಕಿಂತ ಹೆಚ್ಚು ಕೇಳಿಬರುವ ಮಾತು. ಮದ್ಯ ಅಥವಾ ಮಾದಕವಸ್ತುವಿನ ಪ್ರಭಾವ, ಸುರಕ್ಷತೆಗಾಗಿ ಕೊಟ್ಟ ಸ್ಪಷ್ಟ ಆದೇಶವನ್ನು ಬೇಕೆಂದೇ ಮೀರಿರುವುದು, ಸುರಕ್ಷಾ ಸಾಧನವನ್ನು ಬೇಕೆಂದೇ ತೆಗೆದಿರುವುದು, ಇವು ಕಾನೂನು ಒಪ್ಪುವ ಆಕ್ಷೇಪಗಳೇ. ಮೂರು ದಿನ ಮೀರದ ಸಣ್ಣ ಗಾಯಕ್ಕೂ ಪರಿಹಾರವಿಲ್ಲ. ಆದರೆ ಬೇಕೆಂದೇ ಎಂಬುದನ್ನು ಸಾಬೀತುಪಡಿಸಬೇಕಾದವನು ಮಾಲೀಕ. ಉತ್ಪಾದನೆ ಹೆಚ್ಚಲೆಂದು ಇಡೀ ಶಿಫ್ಟು ಗಾರ್ಡ್ ಇಲ್ಲದೆ ನಡೆಯುತ್ತಿತ್ತು, ಸೂಪರ್‌ವೈಸರಿಗೆ ಅದು ಗೊತ್ತಿತ್ತು ಎಂದು ಒಬ್ಬ ಸಹೋದ್ಯೋಗಿ ಹೇಳಿದರೆ ಆಕ್ಷೇಪದ ಬಲ ಕುಗ್ಗುತ್ತದೆ. ಇನ್ನೂ ಮುಖ್ಯವಾಗಿ, ಸಾವು ಅಥವಾ ಪೂರ್ಣ ಶಾಶ್ವತ ಊನವಾದಾಗ ಈ ಆಕ್ಷೇಪಗಳನ್ನು ಎತ್ತಲು ಅವಕಾಶವೇ ಇಲ್ಲ.

ಕೆಲಸಕ್ಕೆ ಬರುವಾಗ ಅಥವಾ ಮನೆಗೆ ಹಿಂತಿರುಗುವಾಗ ರಸ್ತೆಯಲ್ಲಾದ ಅಪಘಾತದ ಬಗ್ಗೆ ಬಹುಕಾಲ ಗೊಂದಲವಿತ್ತು. ಇಎಸ್‌ಐ ಕಾಯ್ದೆಗೆ 2010ರಲ್ಲಿ ಸೇರಿಸಿದ ಕಲಮು ಇದನ್ನು ಕೆಲಸದ ಅಪಘಾತವೆಂದೇ ಪರಿಗಣಿಸಿತು. 2025ರ ಜುಲೈಯಲ್ಲಿ ಸುಪ್ರೀಂ ಕೋರ್ಟು, ಮಹಾರಾಷ್ಟ್ರದ ಸಕ್ಕರೆ ಕಾರ್ಖಾನೆಯೊಂದಕ್ಕೆ ನಸುಕಿನ ಪಾಳಿಗೆ ಬೈಕಿನಲ್ಲಿ ಹೋಗುತ್ತಿದ್ದಾಗ ಮೃತಪಟ್ಟ ಕಾವಲುಗಾರನ ಪ್ರಕರಣದಲ್ಲಿ, 1923ರ ಕಾಯ್ದೆಗೂ ಅದೇ ಅರ್ಥ ಸಲ್ಲುತ್ತದೆಂದು ತೀರ್ಪಿತ್ತಿತು. ಸಂಹಿತೆಯೂ ಇದನ್ನು ಸ್ಪಷ್ಟವಾಗಿ ಒಳಗೊಂಡಿದೆ. ಅಪಘಾತದ ಹೊತ್ತಿಗೂ ಜಾಗಕ್ಕೂ ಕೆಲಸಕ್ಕೂ ಸಂಬಂಧವಿತ್ತೆಂದು ತೋರಿಸಬೇಕು. ಪಾಳಿ ಮುಗಿದು ನಾಲ್ಕು ಗಂಟೆಯ ನಂತರ ಬೇರೆ ಊರಿನ ದಾರಿಯಲ್ಲಿ ಬಿದ್ದವರಿಗೆ ಇದು ನೆರವಾಗದು.

ಕಲ್ಲಿನ ಧೂಳಿನಿಂದ ಶ್ವಾಸಕೋಶಕ್ಕೆ ಬರುವ ಸಿಲಿಕೋಸಿಸ್‌ನಂಥ ಔದ್ಯೋಗಿಕ ರೋಗಗಳೂ ಅಪಘಾತದಿಂದಾದ ಗಾಯಕ್ಕೆ ಸಮಾನವೆಂದು ಕಾನೂನು ಪರಿಗಣಿಸುತ್ತದೆ. ಕಲ್ಲುಗಣಿ, ಕ್ರಷರ್‌ಗಳಲ್ಲಿ ದುಡಿದವರಿಗೆ ಕ್ಷಯವೆಂದು ಚಿಕಿತ್ಸೆ ನಡೆಯುತ್ತಿದ್ದರೆ, ಮಾಡಿದ ಕೆಲಸದ ಇತಿಹಾಸವನ್ನು ಎದೆರೋಗ ತಜ್ಞರಿಗೆ ಹೇಳಿ ಮತ್ತೊಮ್ಮೆ ಪರೀಕ್ಷಿಸಿಕೊಳ್ಳಬೇಕು.

ಅರ್ಜಿ ಮತ್ತು ಅದರ ಮುಂದೆ

ಅಪಘಾತದ ಅಥವಾ ಸಾವಿನ ದಿನದಿಂದ ಎರಡು ವರ್ಷಗಳೊಳಗೆ ಅರ್ಜಿ ಸಲ್ಲಿಸಬೇಕು. ಅಪಘಾತ ನಡೆದ ಸ್ಥಳದಲ್ಲಿಯೇ ಸಲ್ಲಿಸಬೇಕೆಂದಿಲ್ಲ. ಅರ್ಜಿದಾರರು ವಾಸಿಸುವ ಊರಿನ ವ್ಯಾಪ್ತಿಯ ಆಯುಕ್ತರ ಮುಂದೆಯೂ ಸಲ್ಲಿಸಬಹುದು. ಯಾದಗಿರಿಯಿಂದ ಪುಣೆಗೋ ಗೋವಾಕ್ಕೋ ಕಟ್ಟಡದ ಕೆಲಸಕ್ಕೆ ಹೋಗಿ ಮೃತಪಟ್ಟವರ ಪತ್ನಿ ಯಾದಗಿರಿಯಲ್ಲೇ ಅರ್ಜಿ ಹಾಕಬಹುದೆಂಬ ಈ ಸೌಕರ್ಯ ಎಷ್ಟೋ ಕುಟುಂಬಗಳಿಗೆ ಗೊತ್ತಿಲ್ಲ. ಕರ್ನಾಟಕದಲ್ಲಿ ಹಲವೆಡೆ ಹಿರಿಯ ಸಿವಿಲ್ ನ್ಯಾಯಾಧೀಶರು ಆಯುಕ್ತರಾಗಿ ಈ ಅರ್ಜಿಗಳನ್ನು ವಿಚಾರಿಸುತ್ತ ಬಂದಿದ್ದಾರೆ. ನಿಮ್ಮ ಜಿಲ್ಲೆಯಲ್ಲಿ ಈಗ ಯಾರು ಎಂಬುದನ್ನು ಕಾರ್ಮಿಕ ಅಧಿಕಾರಿಯ ಕಚೇರಿಯಲ್ಲಿ ವಿಚಾರಿಸಿ ತಿಳಿದುಕೊಳ್ಳಬಹುದು. ವಕೀಲರ ಶುಲ್ಕ ಭರಿಸಲಾಗದವರು ಜಿಲ್ಲಾ ಕಾನೂನು ಸೇವಾ ಪ್ರಾಧಿಕಾರಕ್ಕೆ ಹೋಗಬೇಕು. ಮಹಿಳೆಯರೂ ಕೈಗಾರಿಕಾ ಕಾರ್ಮಿಕರೂ ಅಲ್ಲಿ ಉಚಿತ ನೆರವಿಗೆ ಅರ್ಹರು. ದೂರವಾಣಿ ಸಂಖ್ಯೆ 15100.

ಅರ್ಜಿಯೊಂದಿಗೆ ಗಾಯದ ಪ್ರಮಾಣಪತ್ರ, ಡಿಸ್ಚಾರ್ಜ್ ಸಮರಿ, ಅಂಗವೈಕಲ್ಯದ ಪ್ರಮಾಣಪತ್ರ, ವಯಸ್ಸಿಗೆ ಆಧಾರ, ವೇತನದ ಪುರಾವೆ, ನೋಟಿಸಿನ ಪ್ರತಿ ಮತ್ತು ಅಂಚೆ ಸ್ವೀಕೃತಿ, ಎಫ್‌ಐಆರ್ ಇದ್ದರೆ ಅದರ ಪ್ರತಿ, ವಾಹನವಾದರೆ ವಿಮಾ ಪಾಲಿಸಿಯ ಪ್ರತಿ ಇರಬೇಕು. ವಯಸ್ಸನ್ನು ಅಂದಾಜಿನಿಂದ ಬರೆಯಬಾರದು, ಏಕೆಂದರೆ ಗುಣಕವು ಪ್ರತಿ ವರ್ಷಕ್ಕೂ ಬದಲಾಗುತ್ತದೆ. ವೇತನಕ್ಕೆ ಏನೂ ಪುರಾವೆ ಸಿಗದಿದ್ದರೆ ಆ ಉದ್ಯೋಗಕ್ಕೆ ಸರ್ಕಾರ ನಿಗದಿ ಮಾಡಿದ ಕನಿಷ್ಠ ವೇತನದ ಅಧಿಸೂಚನೆಯನ್ನು ಹಾಜರುಪಡಿಸಬೇಕು. ಮೂರು ತಿಂಗಳಲ್ಲಿ ಅರ್ಜಿ ಇತ್ಯರ್ಥವಾಗಬೇಕೆಂದು 1923ರ ಕಾಯ್ದೆ ಹೇಳಿದರೂ ವಾಸ್ತವದಲ್ಲಿ ಬಹಳ ಹೆಚ್ಚು ಕಾಲ ಹಿಡಿಯುತ್ತದೆಂಬುದನ್ನು ಮನಸ್ಸಿನಲ್ಲಿಟ್ಟುಕೊಂಡೇ ಹೊರಡಬೇಕು.

ಈ ನಡುವೆ ವಿಮಾ ಕಂಪನಿಯ ತನಿಖೆದಾರರೊಬ್ಬರು ಮನೆಗೆ ಬಂದು ಹೇಳಿಕೆ ಬರೆದುಕೊಳ್ಳುವುದುಂಟು. ಸತ್ಯವನ್ನೇ ಹೇಳಬೇಕು, ಆದರೆ ಓದಿ ಅರ್ಥವಾಗದ ಭಾಷೆಯಲ್ಲಿರುವ ಹಾಳೆಗೆ ಸಹಿಯಾಗಲಿ ಹೆಬ್ಬೆಟ್ಟಾಗಲಿ ಹಾಕಬಾರದು. ಮಾಲೀಕರ ಕಡೆಯವರು ಒಂದಿಷ್ಟು ನಗದು ಮತ್ತು ಛಾಪಾ ಕಾಗದದೊಂದಿಗೆ ರಾಜಿಗೆ ಬಂದಾಗಲೂ ಹಾಗೆಯೇ. ಪರಿಹಾರದ ಹಕ್ಕನ್ನು ಬಿಟ್ಟುಕೊಡುವ ಅಥವಾ ತಗ್ಗಿಸುವ ಒಪ್ಪಂದಕ್ಕೆ ಕಾನೂನಿನ ಬೆಲೆಯಿಲ್ಲ. ರಾಜಿಯ ಮೊತ್ತವು ಆಯುಕ್ತರ ಬಳಿ ನೋಂದಣಿಯಾಗಬೇಕು, ಮೊತ್ತ ತೀರ ಕಡಿಮೆಯೆನಿಸಿದರೆ ನೋಂದಣಿಯನ್ನು ನಿರಾಕರಿಸುವ ಅಧಿಕಾರ ಅವರಿಗಿದೆ. ಸಾವಿನ ಪ್ರಕರಣದಲ್ಲಿ ಹಣವನ್ನು ಆಯುಕ್ತರಲ್ಲಿಯೇ ಠೇವಣಿ ಇಡಬೇಕು. ನೇರವಾಗಿ ಪತ್ನಿಯ ಕೈಗೆ ಕೊಟ್ಟದ್ದು ಪರಿಹಾರವೆಂದು ಲೆಕ್ಕಕ್ಕೆ ಬರುವುದಿಲ್ಲ. ಮೂರು ತಿಂಗಳ ವೇತನದಷ್ಟನ್ನು ಮುಂಗಡವಾಗಿ ಕೊಡಲು ಮಾತ್ರ ಅವಕಾಶವಿದೆ. ಈಗಾಗಲೇ ಇಂಥ ಕಾಗದಕ್ಕೆ ಸಹಿ ಹಾಕಿದವರು ಎಲ್ಲ ಮುಗಿಯಿತೆಂದು ಕೂರದೆ, ಅದರ ಪ್ರತಿಯೊಂದಿಗೇ ಕಾನೂನು ಸೇವಾ ಪ್ರಾಧಿಕಾರಕ್ಕೆ ಹೋಗಬೇಕು.

ಆದೇಶ ಬಂದ ಮೇಲೆ ಎದುರುದಾರರು ಅರುವತ್ತು ದಿನಗಳೊಳಗೆ ಹೈಕೋರ್ಟಿಗೆ ಮೇಲ್ಮನವಿ ಸಲ್ಲಿಸಬಹುದು, ಅದೂ ಗಣನೀಯ ಕಾನೂನು ಪ್ರಶ್ನೆಯಿದ್ದರೆ ಮಾತ್ರ. ಮಾಲೀಕನು ಮೇಲ್ಮನವಿ ಹಾಕಬೇಕಾದರೆ ಆದೇಶದ ಮೊತ್ತವನ್ನು ಮೊದಲು ಠೇವಣಿಯಿಟ್ಟು, ಅದರ ಪ್ರಮಾಣಪತ್ರವನ್ನು ಲಗತ್ತಿಸಬೇಕು. ಮೇಲ್ಮನವಿಯೂ ಇಲ್ಲ, ಹಣವೂ ಬಂದಿಲ್ಲ ಎಂದಾದರೆ ಆಯುಕ್ತರ ಬಳಿ ವಸೂಲಿಗೆ ಅರ್ಜಿ ಕೊಡಬೇಕು. ಆ ಮೊತ್ತವನ್ನು ಭೂಕಂದಾಯದ ಬಾಕಿಯಂತೆ ತಹಶೀಲ್ದಾರರ ಮೂಲಕ ವಸೂಲು ಮಾಡಬಹುದು. ಬಂದ ಪರಿಹಾರವನ್ನು ಸಾಲ ಕೊಟ್ಟವರು ಜಪ್ತಿ ಮಾಡುವಂತಿಲ್ಲ, ಮಾಲೀಕನು ತನ್ನ ಹಳೆಯ ಮುಂಗಡಕ್ಕೆ ವಜಾ ಹಾಕಿಕೊಳ್ಳುವಂತೆಯೂ ಇಲ್ಲ.